ಕೆಂಪು ಮೊಗ್ಗಿನ ನೊಣ ಹಿಡಿದ ಅಕ್ಕೋರು

ಅಕ್ಕೋರ ಬೀಳ್ಕೊಡುಗೆಯ ದಿನ ಆಸ್ಪತ್ರೆಯ ಅಂಗಳದಲ್ಲಿ ಏಳು ಮಂದಿ ಮಾತನಾಡಿದರು. ಏಳು ಮಂದಿಯೂ ರಕ್ತದ ಮಾತನ್ನೇ ಆಡಿದರು. ಇಷ್ಟು ವರ್ಷ ಎಷ್ಟು ಜನರ ಬೆರಳು ಚುಚ್ಚಿದರು, ಎಷ್ಟು ಗಾಜಿನ ಪಟ್ಟಿ ನೋಡಿದರು, ಚಳಿಜ್ವರದ ಕಾಲದಲ್ಲಿ ಊಟ ಬಿಟ್ಟು ಹೇಗೆ ದುಡಿದರು ಎಂದು. ಎಲ್ಲ ಖರೆ. ಆದರೆ ನೊಣದ ಮಾತನ್ನು ಒಬ್ಬರೂ ಎತ್ತಲಿಲ್ಲ. ನಾನು ಹಿಂದಿನ ಸಾಲಿನ ಕುರ್ಚಿಯಲ್ಲಿದ್ದೆ. ಮೈಕು ನನ್ನ ತನಕ ಬರಲಿಲ್ಲ. ಬಂದಿದ್ದರೆ ಹೇಳಬೇಕಾದದ್ದು ಬಾಯಲ್ಲೇ ಇತ್ತು. ಅದನ್ನೇ ಈಗ ಬರೆಯುತ್ತಿದ್ದೇನೆ.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ನಾಚಿಕೆಯಿಂದ ಹೇಳುತ್ತಿಲ್ಲ. ಆವತ್ತಿನಿಂದ ಇವತ್ತಿನವರೆಗೆ ಮತ್ತೊಬ್ಬರ ಕೈ ನೋಡಿ ಬದುಕಿಲ್ಲ. ಹಡಗಲಿಯ ಪೇಟೆಯಲ್ಲಿ ನನ್ನ ತೋಟದ ಮಲ್ಲಿಗೆ ಎಂದರೆ ಬುಟ್ಟಿಯ ಬಾಯಿ ಬಿಚ್ಚದೆ ಕೊಳ್ಳುತ್ತಾರೆ. ಅಂಥ ತೋಟ ಒಂದು ವರ್ಷ ನನ್ನ ಕೈ ಬಿಟ್ಟು ಹೋಗುವುದರಲ್ಲಿತ್ತು. ಉಳಿಸಿದವರು ಅಕ್ಕೋರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ, "ನೊಣದ್ದು ಬರೀರಿ, ನಂದ್ಯಾಕೆ ಬರೀತೀರಿ" ಎಂದು ಬೈಯುತ್ತಾರೆ. ನಮ್ಮ ಕಡೆ ಶಾಲೆ, ಆಸ್ಪತ್ರೆಗಳ ಕೆಲಸದಲ್ಲಿರುವ ಹೆಣ್ಣುಮಕ್ಕಳನ್ನೆಲ್ಲ ಅಕ್ಕೋರು ಎಂದೇ ಕರೆಯುವುದು. ನಮ್ಮ ಓಣಿಯಲ್ಲಿ ಮಾತ್ರ ಅಕ್ಕೋರು ಎಂದರೆ ಅವರೊಬ್ಬರೇ.

ಹರಪನಹಳ್ಳಿಯಿಂದ ವರ್ಗವಾಗಿ ಬಂದಾಗ ಅವರಿಗೆ ನಲವತ್ತರ ಆಸುಪಾಸು. ಲ್ಯಾಬಿನಲ್ಲಿ ರಕ್ತ ನೋಡುವ ಕೆಲಸ. ಒಬ್ಬರೇ ಇದ್ದರು. ಬಾಡಿಗೆಗೆ ಮನೆ ಹುಡುಕಿ ಸಾಕಾಗಿದ್ದರು; ನೀವು ಯಾವ ಮಂದಿ ಎಂದು ಕೇಳಿ, ಉತ್ತರ ಕೇಳಿದ ಮೇಲೆ ಮನೆ ಖಾಲಿ ಇಲ್ಲ ಎಂದವರೇ ಹೆಚ್ಚು. ಕೊನೆಗೆ ನಮ್ಮ ಅಣ್ಣ ತೋಟಕ್ಕೆ ಹತ್ತಿಕೊಂಡಿದ್ದ ಎರಡು ಕೋಣೆ ಕೊಟ್ಟ. ಒಳಗೆ ಬಂದವರು ಮೊದಲು ಗೋಡೆಗೆ ಮೊಳೆ ಹೊಡೆದು ಬುದ್ಧನ ಚಿತ್ರ ತೂಗುಹಾಕಿದರು. ಆಮೇಲೆ ಸಾಮಾನು ಜೋಡಿಸುವುದನ್ನೂ ಬಿಟ್ಟು ಕರಿ ಛತ್ರಿ ಬಿಚ್ಚಿ, ಬಾಗಿಲ ಮುಂದಿನ ಕಣಗಿಲೆ ಗಿಡದೆದುರು ಕುಕ್ಕರಗಾಲಲ್ಲಿ ಕೂತುಬಿಟ್ಟರು.

ಅರ್ಧ ತಾಸಾದರೂ ಏಳಲಿಲ್ಲ. ನನ್ನ ಹೆಂಡತಿ ಕಿಟಕಿಯಿಂದ ನೋಡಿ ನೋಡಿ ತಡೆಯಲಾರದೆ ಹೋದಳು.

"ಏನ್ ಕಳಕೊಂಡ್ರಿ ಅಕ್ಕೋರೆ? ಕಿವಿ ಓಲೇನು?"

"ಇಲ್ಲವ್ವಾ. ಇಲ್ಲೊಬ್ರು ಊಟಕ್ಕೆ ಕುಂತಾರೆ. ಅವರು ಏಳ್ಲಿ ಅಂತ ಕಾಯಾಕತ್ತೀನಿ."

ಹೆಂಡತಿ ಸುತ್ತ ಕಣ್ಣಾಡಿಸಿದಳು. ಯಾರೂ ಇಲ್ಲ. ಅಕ್ಕೋರು ಬೆರಳು ತೋರಿಸಿದರು. ಹೂವಿನ ಬಾಯಲ್ಲಿ ಎಳ್ಳಿನಷ್ಟು ಗಾತ್ರದ ಒಂದು ನೊಣ ಕೂತು ಏನನ್ನೋ ಹೀರುತ್ತಿತ್ತು. ಹೆಂಡತಿ ಬಂದು ನನ್ನ ಕಿವಿಯಲ್ಲಿ ಹೇಳಿದಳು: "ಬಾಡಿಗಿಗೆ ಬಂದೋರಿಗೆ ತಲಿ ಸ್ವಲ್ಪ ಹಗರ ಐತಿ ಕಾಣ್ತೈತ್ರಿ. ನೊಣಕ್ಕ ಊಟಕ್ಕ ಕುಂತಾರ ಅಂತಾರ!"

ತಲೆ ಹಗುರ ಇರಲಿಲ್ಲ. ಕೆಲಸದಿಂದ ಬಂದು ಕೈಕಾಲು ತೊಳೆದರೆಂದರೆ ಹೊತ್ತು ಮುಳುಗುವ ತನಕ ಅವರದು ಇದೇ. ಕೊಟ್ಟೂರಿನ ವಾಚ್ ರಿಪೇರಿಯ ಮುದುಕನೊಬ್ಬ ಅಂಗಡಿ ಮುಚ್ಚುವಾಗ ಅವನ ಹತ್ತಿರ ಕೊಂಡ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕರಿ ಮಸೂರ ಒಂದಿತ್ತು. ಅದನ್ನು ಬಲಗಣ್ಣಿಗೆ ಸಿಕ್ಕಿಸಿ ಎಡಗಣ್ಣು ಮುಚ್ಚಿ ಮೂಗನ್ನು ಎಲೆಗೆ ತಾಗಿಸುತ್ತಿದ್ದರು. ಉಸಿರು ಬಿಡುವಾಗ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದರು, ಗಾಳಿ ತಾಗಿ ನೊಣ ಏಳಬಾರದೆಂದು. ಸತ್ತ ನೊಣ ಸಿಕ್ಕರೆ ಖಾಲಿ ಇಂಜೆಕ್ಷನ್ ಬಾಟಲಿಗೆ. ಬಾಟಲಿಯ ಮೇಲೆ ಚೀಟಿ ಅಂಟಿಸಿ ಬರೆಯುತ್ತಿದ್ದರು. ಪುಸ್ತಕದ ಹೆಸರು ಗೊತ್ತಿದ್ದರೆ ಅದು, ಇಲ್ಲದಿದ್ದರೆ ತಾವೇ ಇಟ್ಟದ್ದು: "ಹಾಗಲಕಾಯಿ ಚುಚ್ಚೋರು", "ಟೊಮೆಟೊ ಎಲೀ ಒಳಗೆ ಗೀಚೋರು", "ತುಳಸಿ ಕಡೆಯ ಹಸಿರು ಸೀರೆಯವರು".

ನನಗೆ ಮೊದಲು ಕಲಿಸಿದ್ದು ರೆಕ್ಕೆ ಎಣಿಸುವುದನ್ನು. ಎರಡಿದ್ದರೆ ನೊಣದ ವಂಶ. ನಾಲ್ಕಿದ್ದರೆ ಜೇನು, ಕಣಜ ಅಥವಾ ಮತ್ತೊಂದು. ಕಣಜದ ಹಾಗೆ ಹಳದಿ ಕರಿ ಪಟ್ಟೆಯ ಅಂಗಿ ತೊಟ್ಟು ಹೆದರಿಸುವ ನೊಣಗಳೂ ಇವೆ. "ಅಂಗಿ ನೋಡಬ್ಯಾಡ್ರಿ, ರೆಕ್ಕಿ ಎಣಸ್ರಿ" ಎನ್ನುತ್ತಿದ್ದರು. ಇನ್ನೊಂದು ಮಾತು ದಿನಕ್ಕೆ ನಾಲ್ಕು ಸಲ ಬರುತ್ತಿತ್ತು: "ಹೆಸರು ಆಮ್ಯಾಲೆ. ಮೊದಲು ಊಟ ಏನಂತ ಕೇಳ್ರಿ."

ನಮ್ಮ ಮನೆಗೆ ಚಹಾಕ್ಕೆ ಬಂದಾಗ ಬೆಲ್ಲದ ತಟ್ಟೆಯ ಮೇಲೆ ಮನೆನೊಣ ಕೂತರೆ ಹೆಂಡತಿ ಕೈ ಬೀಸುವಳು. ಇವರು ಅವಳ ಮಣಿಕಟ್ಟು ಹಿಡಿಯುವರು. "ತಡಿಯವ್ವಾ, ನೋಡು. ಅದಕ್ಕೆ ಹಲ್ಲಿಲ್ಲ. ಮೊದಲು ಬೆಲ್ಲದ ಮ್ಯಾಲೆ ಉಗುಳ್ತೈತೆ, ಕರಗಿದ ಮ್ಯಾಲೆ ಹೀರ್ತೈತೆ." ಆ ತಟ್ಟೆಯ ಬೆಲ್ಲವನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಅವರೊಬ್ಬರು ಮಾತ್ರ ಚೂರು ಮುರಿದು ಬಾಯಿಗೆ ಹಾಕಿಕೊಂಡು ಚಹಾ ಕುಡಿದು ಹೋದರು.

ಒಮ್ಮೆ ನೀಲಗುಂದದ ಗುಡಿ ನೋಡಲು ಮನೆಮಂದಿಯ ಜೊತೆ ಅವರನ್ನೂ ಕರೆದುಕೊಂಡು ಹೋಗಿದ್ದೆವು. ಗುಡಿಯ ಕೆತ್ತನೆ ನೋಡಿದ್ದು ಹತ್ತು ನಿಮಿಷ. ಗುಡಿಯ ಹಿಂದಿನ ತುಂಬೆ ಗಿಡ ನೋಡಿದ್ದು ಒಂದೂವರೆ ತಾಸು. ಬಸ್ಸು ತಪ್ಪಿತು. ಮಂದಿಯೆಲ್ಲ ಮುಖ ಊದಿಸಿಕೊಂಡು ರಸ್ತೆಯಲ್ಲಿ ನಿಂತಿದ್ದರೆ ಇವರಿಗೆ ಅದರ ಕಬರೇ ಇರಲಿಲ್ಲ.

ಒಳ್ಳೆಯದನ್ನಷ್ಟೇ ಬರೆದರೆ ಸುಳ್ಳಾಗುತ್ತದೆ. ಬಾಯಿ ಬಿರುಸು. ಎದುರಿಗಿದ್ದವರು ಯಾರೇ ಇರಲಿ, ನೋಡದೆ ಮಾತಾಡಿದರೆ "ಸುಳ್ಳು" ಎಂದು ಮುಖಕ್ಕೇ ಹೇಳುವರು. ಆ ಬಾಯಿ ನನಗೂ ತಾಗಿತು. ಕಣಗಿಲೆಯ ಚಿಗುರಿಗೆ ರಸ ಹೀರುವ ಹಳದಿ ಹೇನು ಮುತ್ತಿತ್ತು. ಹೇನಿನ ನಡುವೆ ಕಾಲಿಲ್ಲದ ಹುಳಗಳೂ ಹರಿದಾಡುತ್ತಿದ್ದವು. ನಾನು ಪಂಪು ಬೆನ್ನಿಗೇರಿಸಿ ಔಷಧಿ ಹೊಡೆದೆ. ಸಂಜೆ ಬಂದವರು ಗಿಡ ನೋಡಿ ನಿಂತರು.

"ಯಜಮಾನ್ರೇ, ಯಾರಿಗೆ ಹೊಡೆದ್ರಿ?"

"ಹುಳಕ್ಕರಿ."

"ಯಾವ ಹುಳಕ್ಕೆ?"

"ಹುಳ ಅಂದ್ರ ಹುಳ. ಅದರಾಗ ಯಾವುದೇನ?"

"ಹೇನು ತಿನ್ನೋ ಹುಳ ಅದು. ಪಟ್ಟಿ ನೊಣದ ಮರಿ. ಕೂಲಿ ಕೇಳದ ಆಳು. ನಿಮ್ಮ ಆಳನ್ನ ನೀವೇ ಕೊಂದ್ರಲ್ರೀ!"

ಕೂಲಿ ತೆಗೆದುಕೊಳ್ಳಲು ಬಂದಿದ್ದ ಹೂವು ಹರಿಯುವ ಹೆಣ್ಣುಮಕ್ಕಳ ಮುಂದೆ ಹೇಳಿದರು. ಅವರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ನನ್ನ ಮೈ ಉರಿಯಿತು. "ನಿಮ್ದು ನಿಮ್ಮ ಲ್ಯಾಬಿನಾಗ ಇಟಗೊಳ್ರಿ. ತೋಟ ನಂದು" ಎಂದುಬಿಟ್ಟೆ. ತಿಂಗಳ ಮೇಲಾದರೂ ಮಾತು ಬಿಟ್ಟಿದ್ದೆ. ಅವರು ಎಂದಿನಂತೆ "ಊಟ ಆತೇನ್ರಿ" ಎನ್ನುವರು, ನಾನು ಬೇವಿನ ಮರದ ತುದಿ ನೋಡುವೆ. ಅಷ್ಟರಲ್ಲಿ ಕಣಗಿಲೆಗೆ ಹೇನು ಮೊದಲಿನ ಎರಡರಷ್ಟು ಹತ್ತಿತು. ಕಂಡಿತ್ತು. ಕಂಡೂ ಸುಮ್ಮನಿದ್ದೆ.

ಕೆಂಪು ಮೊಗ್ಗು ಬಂದದ್ದು ಆಗಲೇ.

ನಮ್ಮದು ಅರ್ಧ ಎಕರೆ ದುಂಡುಮಲ್ಲಿಗೆ. ಉಳಿದ ಹೊಲವೆಲ್ಲ ಅಣ್ಣನ ಮೆಕ್ಕೆಜೋಳ. ಆ ಅರ್ಧ ಎಕರೆಯಲ್ಲಿ ಒಂದೊಂದು ಗಿಡಕ್ಕೂ ನಾನು ಕೊಡ ಹೊತ್ತು ನೀರು ಹಾಕಿದ್ದೇನೆ. ಮೊಗ್ಗನ್ನು ಹೊತ್ತು ಮೂಡುವ ಮೊದಲೇ ಹರಿಯಬೇಕು. ಬಿಸಿಲೇರಿದರೆ ಅರಳಿ ಬೆಲೆ ಕಳೆದುಕೊಳ್ಳುತ್ತದೆ. ಹರಿಯಲು ಬರುತ್ತಿದ್ದುದು ದೊಡ್ಡವ್ವನ ತಂಡ. ನನ್ನ ಅವ್ವನ ಅಕ್ಕ, ಅರವತ್ತು ದಾಟಿದವಳು. ನಮ್ಮದೂ ಸೇರಿ ಸಾಲಾಗಿದ್ದ ಮೂರು ತೋಟಗಳ ಹೂವು ಹರಿಯುವ ಎಂಟು ಹೆಣ್ಣುಮಕ್ಕಳಿಗೆ ಅವಳೇ ಮುಂದಾಳು. ಅವಳ ಮಾತಿಗೆ ಎದುರಿಲ್ಲ.

ಆ ಬೇಸಿಗೆಯಲ್ಲಿ ಮೊಗ್ಗಿನ ಬುಡ ನಸುಗೆಂಪಾಗತೊಡಗಿತು. ನೋಡನೋಡುತ್ತ ಇಡೀ ಮೊಗ್ಗು ನೇರಳೆಗೆ ತಿರುಗಿ, ಜೋಳದ ಕಾಳಿನಷ್ಟೇ ಉಳಿದು, ಒಣಗಿ ಉದುರುವುದು. ಔಷಧಿ ಅಂಗಡಿಯವನು ಒಂದು ಬಾಟಲಿ ಕೊಟ್ಟ, ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಮೂರೂ ಹೊಡೆದೆ. ಕೆಂಪು ಕಡಿಮೆಯಾಗಲಿಲ್ಲ, ಹೆಚ್ಚಿತು. ಒಂದು ದಿನ ಪೇಟೆಯಲ್ಲಿ ಹೂವಿನ ವ್ಯಾಪಾರಿ ನನ್ನ ಬುಟ್ಟಿಯ ಬಾಯಿ ಬಿಚ್ಚಿ, ಕೈ ಹಾಕಿ ತಳದ ತನಕ ಕೆದಕಿದ. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಅಣ್ಣನಿಗೆ ಹೂವಿನ ಮೇಲೆ ಮೊದಲೇ ಪ್ರೀತಿ ಕಡಿಮೆ. ಮೆಕ್ಕೆಜೋಳ ಹೇರಿಕೊಂಡು ಹರಪನಹಳ್ಳಿಗೆ ಹೋದರೆ ಬೆಳಿಗ್ಗೆ ಹೋಗಿ ಸಂಜೆ ಬರುವ ಲೆಕ್ಕ ಅವನದು. ಬದುವಿನ ಮೇಲೆ ನಿಂತು ಹೇಳಿದ: "ಲೇ ತಮ್ಮಾ, ಬರೋ ಯುಗಾದಿ ಹೂವು ನೋಡ್ತೀನಿ. ಹಿಂಗಾ ಕೆಂಪ ಇದ್ರ ಟ್ರಾಕ್ಟರ್ ಹಚ್ಚಿ ಕಿತ್ತಾಕದ. ನೀನೂ ಮೆಕ್ಕಿಜೋಳದಾಗ ಬಾ. ಅದಕ್ಕ ಇಂಥಾ ಲಾಲನಿ ಪಾಲನಿ ಬೇಕಾಗಂಗಿಲ್ಲ."

ಹೊಲ ಇಬ್ಬರದೂ. ಆದರೆ ಊರಿನಲ್ಲಿ ನನಗೊಂದು ಹೆಸರಿದ್ದರೆ ಅದು ಆ ಅರ್ಧ ಎಕರೆಯಿಂದ. ಅದು ಹೋದರೆ ನಾನು ಅಣ್ಣನ ಹೊಲದಲ್ಲಿ ಇನ್ನೊಂದು ಆಳು, ಅಷ್ಟೇ. ಎರಡು ದಿನ ಒಳಗೊಳಗೇ ಗುದ್ದಾಡಿ, ಮೂರನೆಯ ದಿನ ಸಂಜೆ ಕರವಸ್ತ್ರದಲ್ಲಿ ಕೆಂಪು ಮೊಗ್ಗು ಕಟ್ಟಿಕೊಂಡು ಅಕ್ಕೋರ ಬಾಗಿಲಿಗೆ ಹೋದೆ. ಗಂಟು ಬಿಚ್ಚಿ ಕಟ್ಟೆಯ ಮೇಲಿಟ್ಟೆ.

ಹಿಂದಿನ ಮಾತನ್ನು ಅವರು ಎತ್ತಲಿಲ್ಲ. ಮಸೂರ ಸಿಕ್ಕಿಸಿಕೊಂಡು ಇಂಜೆಕ್ಷನ್ ಸೂಜಿಯಿಂದ ಒಂದು ಮೊಗ್ಗನ್ನು ಉದ್ದಕ್ಕೆ ಸೀಳಿದರು. ಬಹಳ ಹೊತ್ತು ನೋಡಿ ಮಸೂರವನ್ನು ನನ್ನ ಕೈಗೆ ಕೊಟ್ಟರು. ಮೊಗ್ಗಿನ ಬುಡದಲ್ಲಿ ನಾಲ್ಕೈದು ಹುಳ. ರವೆಯ ಕಾಳಿನಷ್ಟು. ಹಳದಿ ಬೆರೆತ ಬಿಳುಪು. ತಲೆ ಯಾವುದು ಬಾಲ ಯಾವುದು ತಿಳಿಯಲಿಲ್ಲ.

"ಇವು ನೊಣದ ಮರಿ ಇದ್ದಂಗೈತೆ" ಎಂದರು.

"ಕಾಯಿಕೊರಕ ಹುಳ ಅಂತ ಅಂಗಡಿಯಾವ ಹೇಳ್ಯಾನ್ರಿ."

"ಅಂಗಡಿಯೋರು ಮೊಗ್ಗು ಸೀಳಿ ನೋಡಿದ್ರಾ?"

"ಇಲ್ಲ."

"ನಾನು ನೋಡೀನಿ. ಆದ್ರೂ ನನ್ನ ಮಾತೂ ನಂಬಬ್ಯಾಡ್ರಿ. ರೆಕ್ಕಿ ಬರ್ಲಿ ತಡೀರಿ. ಎರಡು ಬರ್ತಾವೋ ನಾಕು ಬರ್ತಾವೋ ಇಬ್ಬರೂ ಕೂಡೇ ನೋಡಾಣ."

ಎರಡು ಗಾಜಿನ ಡಬ್ಬಿ ತಂದರು. ಒಂದಕ್ಕೆ ಬರೀ ಕೆಂಪು ಮೊಗ್ಗು. ಇನ್ನೊಂದಕ್ಕೆ ತಳದಲ್ಲಿ ಮಣ್ಣು, ಮೇಲೆ ಕೆಂಪು ಮೊಗ್ಗು. ಆ ಮಣ್ಣನ್ನು ನನ್ನ ಹೆಂಡತಿಯ ರೊಟ್ಟಿ ಹಂಚಿನ ಮೇಲೆ ಹುರಿದರು. ಅವಳು ಹಂಚು ಕಸಿದುಕೊಳ್ಳಲು ಬಂದಾಗ, "ಮಣ್ಣಿನಾಗ ಮೊದ್ಲೇ ಯಾರಾರ ಮಲಗಿದ್ರೆ ಲೆಕ್ಕ ತಪ್ತೈತವ್ವಾ, ಅವರನ್ನ ಏಳಿಸಾಕತ್ತೀನಿ" ಎಂದರು. ಹುರಿದ ಮಣ್ಣು ಆರಿದ ಮೇಲೆ ನೀರು ಚಿಮುಕಿಸಿ, ಎರಡೂ ಡಬ್ಬಿಯ ಬಾಯಿಗೆ ಹಳೆಯ ಧೋತರದ ತುಂಡು ಕಟ್ಟಿ, ನನ್ನ ಕೈಗೊಂದು ನೋಟ್‌ಬುಕ್ ಕೊಟ್ಟರು.

"ದಿನಾ ಏನು ಕಾಣ್ತೈತೋ ಬರೀರಿ."

"ನನ್ನ ಅಕ್ಷರ ಕಾಗಿ ಕಾಲಿದ್ದಂಗ ಅದಾವ್ರಿ."

"ನೊಣಕ್ಕೆ ಓದಾಕ ಬರಲ್ಲ. ಬರೀರಿ."

ಅಣ್ಣ ಡಬ್ಬಿ ಎತ್ತಿ ಅಲ್ಲಾಡಿಸಿ ನೋಡಿದ. "ಅಕ್ಕೋರು ಮಲ್ಲಿಗಿ ಉಪ್ಪಿನಕಾಯಿ ಹಾಕ್ಯಾರಲ್ಲೋ! ರೊಟ್ಟಿಗೆ ಚಲೋ ಆಕ್ಕತಿ ಬಿಡು" ಎಂದು ನಕ್ಕ. ಓಣಿಯಲ್ಲಿ ಅದೇ ಮಾತಾಯಿತು. ಹಾಲು ಹಾಕಲು ಹೋದರೂ "ಉಪ್ಪಿನಕಾಯಿ ಏನಂತೈತಿ?" ಎನ್ನುವರು.

ಹನ್ನೆರಡು ದಿನ ನನ್ನ ಪುಟದಲ್ಲಿ ಒಂದೇ ಸಾಲು: ಇವತ್ತು ಏನೂ ಇಲ್ಲ. ಬೇಸರವಾಗಿ, ಇದೆಂಥ ಕೆಲಸ ಎಂದು ಕೇಳಿದೆ. "ಏನೂ ಇಲ್ಲ ಅನ್ನೋದನ್ನ ನೋಡಿ ಬರೆದ್ರೆ ಅದೂ ಕೆಲಸಾನೇ ಯಜಮಾನ್ರೇ. ನೋಡದೆ ಬರೆದ್ರೆ ಮಾತ್ರ ಸುಳ್ಳು" ಎಂದರು.

ಹದಿನಾರನೆಯ ದಿನ ಸಂಜೆ ಮಣ್ಣಿದ್ದ ಡಬ್ಬಿಯ ಅರಿವೆಯ ಕೆಳಗೆ ಏನೋ ಮಿಸುಕಿತು. ಗುಂಗಾಡಿ ಸೊಳ್ಳೆಗಿಂತ ಚಿಕ್ಕದು. ಉದ್ದ ಕಾಲು. ರೆಕ್ಕೆಯ ಮೇಲೆ ಮಸಿ ತಾಗಿದಂಥ ಚುಕ್ಕೆ. ಅಕ್ಕೋರು ಮಸೂರ ನನ್ನ ಕಡೆ ಚಾಚಿದರು. ನಾನು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.

"ಎರಡ! ಎರಡಾ ಅದಾವ್ರೀ ಅಕ್ಕೋರೆ!"

ನನ್ನ ಕೂಗಿಗೆ ಓಣಿಯ ಮಂದಿಯೆಲ್ಲ ಬಂದರು. ಮಣ್ಣಿಲ್ಲದ ಡಬ್ಬಿಯಲ್ಲಿ ಒಂದೇ ಒಂದು ನೊಣ ಎದ್ದಿರಲಿಲ್ಲ; ಹುಳಗಳು ಒಣಗಿ ದಾರದ ಎಳೆಯಾಗಿದ್ದವು. ನಾನು ಅಕ್ಕೋರನ್ನು ಮೊದಲ ಸಲ ನಾನಾಗಿಯೇ ಕೇಳಿದೆ: "ಇದರ ಊಟ ಏನ್ರಿ?" ಅವರ ಮುಖ ಅರಳಿದ್ದು ಇನ್ನೂ ಕಣ್ಣಲ್ಲಿದೆ. "ಇವರು ಇನ್ನ ಉಣ್ಣಂಗೆ ಕಾಣಲ್ಲ. ಎರಡು ಮೂರು ದಿನದ ಬದುಕು. ಉಣ್ಣೋದೆಲ್ಲ ಮರಿ ಇದ್ದಾಗ್ಲೇ ನಿಮ್ಮ ಮೊಗ್ಗಿನಾಗ ಉಂಡಾರೆ. ಉಂಡು ಮಣ್ಣಿಗೆ ಇಳೀತಾರೆ, ಅಲ್ಲಿ ಮಲಗಿ ಎದ್ದು ಬರ್ತಾರೆ. ನೀವು ಎಲೀಗೆ ಔಷಧಿ ಹೊಡೀತಿದ್ರಿ. ಅವರು ಮೊಗ್ಗಿನಾಗಿದ್ರು, ಇಲ್ಲಾ ಮಣ್ಣಿನಾಗಿದ್ರು."

ಬಾಟಲಿಯ ಚೀಟಿಯ ಮೇಲೆ ಬರೆದರು: "ಕೆಂಪು ಮೊಗ್ಗಿನವರು." ಇದರ ಪುಸ್ತಕದ ಹೆಸರು ಬಹಳ ದಿನದ ಮೇಲೆ ತಿಳಿಯಿತು. ನಾವು ಇವತ್ತಿಗೂ ಕೆಂಪು ಮೊಗ್ಗಿನವರು ಎಂದೇ ಅನ್ನುವುದು.

ಮಾರನೆಯ ನಸುಕಿಗೆ ಹೂವು ಹರಿಯುವ ಹೊತ್ತಿಗೆ ಅಕ್ಕೋರು ಬದುವಿನ ಮೇಲೆ ಬಂದು ಕೂತರು. ಗಿಡ ನೋಡಲಿಲ್ಲ, ನೊಣವನ್ನೂ ನೋಡಲಿಲ್ಲ. ಹೆಣ್ಣುಮಕ್ಕಳ ಕೈಯನ್ನೇ ನೋಡುತ್ತಿದ್ದರು. ಅವರು ನಾಚಿ, "ಯಾಕ್ರೀ ಅಕ್ಕೋರೆ, ಇವತ್ತ ನಾವೇನು ನೊಣ ಆದೆವೇನು?" ಎಂದರು.

ಅಕ್ಕೋರು ಕಂಡದ್ದು ಇಷ್ಟು. ಬಿಳಿ ಮೊಗ್ಗು ಬುಟ್ಟಿಗೆ, ಕೆಂಪು ಮೊಗ್ಗು ಉಡಿಗೆ. ಸಾಲು ಮುಗಿದ ಕೂಡಲೇ ಒಬ್ಬೊಬ್ಬಳೂ ಉಡಿಯನ್ನು ಗಿಡದ ಬುಡಕ್ಕೆ ಸುರುವಿ, ಬೆರಳನ್ನು ಕಣ್ಣಿಗೊತ್ತಿಕೊಂಡು ಮುಂದೆ ಹೋಗುವಳು. ನಮ್ಮ ಕಡೆ ಹೂವನ್ನು ಕಾಲು ತಾಗುವ ಜಾಗದಲ್ಲಿ ಚೆಲ್ಲುವುದಿಲ್ಲ. ದೇವರ ಮೇಲಿಂದ ಇಳಿಸಿದ ಹೂವೂ ಗಿಡದ ಬುಡಕ್ಕೇ. ಕೆಟ್ಟ ಮೊಗ್ಗಾದರೂ ಹೂವು ಹೂವೇ. ಅಜ್ಜಿ ಮುತ್ತಜ್ಜಿ ಕಾಲದಿಂದ ಹೀಗೇ. ಅದರ ಮೇಲೆ ನಾನು ನೀರು ಹಾಯಿಸುತ್ತಿದ್ದೆ.

ಅಕ್ಕೋರು ಒಮ್ಮೆಲೇ ಜೋರಾಗಿ ನಕ್ಕರು. "ಯಜಮಾನ್ರೇ! ನೊಣದ ಬಾಣಂತನ ಮಾಡೋರು ನೀವೇ ನೋಡ್ರಿ! ಉಂಡೋರನ್ನ ಹೊತ್ಕೊಂಡು ಬಂದು ಹಸಿ ಮಣ್ಣಿನ ಮ್ಯಾಲೆ ಮಲಗಿಸಾಕತ್ತೀರಿ." ಆಮೇಲೆ ಗಂಭೀರವಾಗಿ, "ಈ ಕೆಂಪು ಮೊಗ್ಗೆಲ್ಲ ಸುಡಬೇಕು" ಎಂದರು.

ದೊಡ್ಡವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಹೂವಿಗೆ ಬೆಂಕಿ ಹಚ್ಚೂದಾ? ಯಾವ ಕಾಲದಾಗ ಯಾರು ಹಚ್ಯಾರ? ನಿಮ್ಮ ಮನ್ಯಾಗ ದೇವರ ಜಗಲಿ ಇಲ್ಲ, ನಿಮಗೇನ ಗೊತ್ತ ಐತ್ರಿ ಹೂವಿನ ಬೆಲಿ!"

ಎಂಟೂ ಹೆಣ್ಣುಮಕ್ಕಳ ಕೈ ನಿಂತವು. ನಾನು ಆಗ ಮಾತಾಡಬೇಕಿತ್ತು. ಆಡಲಿಲ್ಲ, ತಲೆ ತಗ್ಗಿಸಿದೆ. ಅದು ನನ್ನ ತಪ್ಪು, ಬರೆದೇ ಇಡುತ್ತೇನೆ. ಅಕ್ಕೋರು ಮಾತ್ರ ಸಿಟ್ಟಾಗಲಿಲ್ಲ.

"ದೊಡ್ಡವ್ವಾರೆ, ಈ ಕೆಂಪು ಮೊಗ್ಗನ್ನ ದೇವರಿಗೆ ಏರಿಸ್ತೀರಾ?"

"ಥೂ! ಕೆಟ್ಟ ಹೂವ ಯಾರರೆ ಏರಸ್ತಾರನು?"

"ಮತ್ತೆ ಬುಡಕ್ಕೆ ಹಾಕಿ ಯಾರಿಗೆ ಏರಿಸಾಕತ್ತೀರಿ? ಬರ್ರಿ, ತೋರಿಸ್ತೀನಿ."

ಕರಿ ಛತ್ರಿಯನ್ನು ಬಿಚ್ಚಿ ತಲೆಕೆಳಗು ಮಾಡಿ ನೆಲದ ಮೇಲಿಟ್ಟರು. ಒಂದು ಉಡಿ ಕೆಂಪು ಮೊಗ್ಗನ್ನು ಅದರೊಳಗೆ ಸುರುವಿ, ಕೈಯಿಂದ ಹಿಸುಕಿ ಹಿಸುಕಿ ಬಿಡಿಸಿ, ನೀರು ಚಿಮುಕಿಸಿದರು. ಉಳಿದ ಸಾಲು ಹರಿದು ಮುಗಿಸಿ, ಬಿಸಿಲು ಬೀಳುವ ಹೊತ್ತಿಗೆ ಎಲ್ಲರೂ ಸುತ್ತ ನಿಂತೆವು. ಕರಿ ಬಟ್ಟೆಯ ಮೇಲೆ ಒಂದು ಹಳದಿ ಚುಕ್ಕೆ ಹೊರಬಂತು. ಇನ್ನೊಂದು ಬಂತು. ನೂರಾರು ಬಂದವು. ಬಿಸಿಲು ತಾಗಿದ್ದೇ ತಡ, ಬಿಲ್ಲಿನಂತೆ ಬಾಗಿ, ಚಟ್ಟನೆ ಸೆಟೆದು, ಎಳ್ಳು ಸಿಡಿದಂತೆ ಸಿಡಿಯತೊಡಗಿದವು. ಛತ್ರಿಯಾಚೆಗೂ ಹಾರಿ ಮಣ್ಣಿಗೆ ಬಿದ್ದವು. ಬಿದ್ದವು ಕಣ್ಣೆದುರೇ ಮಣ್ಣಿನ ಸಂದಿಯಲ್ಲಿ ಇಳಿದು ಹೋದವು.

"ಅಯ್ಯ ನನ್ನ ಶಿವನಾ!" ದೊಡ್ಡವ್ವ ಸೆರಗನ್ನು ಎತ್ತಿ ಹಿಂದೆ ಸರಿದಳು. "ಇವಕ್ಕ ನಾವಾ ಹಾಸಿಗಿ ಹಾಸಿ, ನೀರ ಕುಡಿಸಿ ಮಲಗಿಸೇವಲ್ಲೇ!" ಮತ್ತೆ ಸೊಂಟಕ್ಕೆ ಕೈ ಕೊಟ್ಟು ಅಂದಳು: "ಆದ್ರೂ ಹೂವ ಸುಡಂಗಿಲ್ಲ. ಸುಟ್ರ ನಾಳಿಂದ ನಾ ಬರಂಗಿಲ್ಲ."

ಅಕ್ಕೋರು ವಾದಕ್ಕೆ ಇಳಿಯಲಿಲ್ಲ. ಬದುವಿನ ಮೇಲೆ ಬಿದ್ದಿದ್ದ ಗೊಬ್ಬರದ ಚೀಲ ನೋಡಿದರು, ಅದರೊಳಗಿನ ಪ್ಲಾಸ್ಟಿಕ್ ಚೀಲ ಎಳೆದು ತೆಗೆದರು. "ಸುಡಾದು ಬ್ಯಾಡ್ರಿ. ಇದರಾಗ ತುಂಬಿ ಬಾಯಿ ಬಿಗಿದು ಬಂಡೆಗಲ್ಲಿನ ಮ್ಯಾಲೆ ಬಿಸಿಲಿಗಿಡಾಣ. ಹದಿನೈದು ದಿನದಾಗ ಒಳಗಿದ್ದೋರೆಲ್ಲ ಬೆಂದು ಹೋಗ್ತಾರೆ. ಆಮ್ಯಾಲೆ ಹೂವನ್ನ ನೀವೇ ನಿಮ್ಮ ಕೈಯಾರೆ ಬುಡಕ್ಕೆ ಹಾಕ್ರಿ."

"ಬುಡಕ್ಕಾ ಹೋಗತೈತಲ್ಲ?"

"ಬುಡಕ್ಕೇ ಹೋಗ್ತೈತೆ."

"ಹಂಗಾರ ಆತು ತಗಿ."

ಅವತ್ತು ದೊಡ್ಡವ್ವ ಅಕ್ಕೋರ ಮನೆಯ ಕಟ್ಟೆಯ ಮೇಲೆ ಕೂತು ಮೊದಲ ಸಲ ಚಹಾ ಕುಡಿದಳು. ಒಂದಲ್ಲ, ಎರಡು ಲೋಟ. ಮುಂದಿನ ಕೆಲಸವೆಲ್ಲ ಅವಳದೇ. ಪಕ್ಕದ ತೋಟದವನು ತನ್ನ ಹೂವನ್ನು ಚೀಲಕ್ಕೆ ತುಂಬುವುದಿಲ್ಲ ಎಂದು ಜಗಳ ತೆಗೆದಾಗ, "ಹಂಗಾದ್ರ ನಾಳಿಂದ ನಿನ್ನ ಹೂವ ನೀನಾ ಹರಕೋಪಾ" ಎಂದಳು. ಅವನು ಆ ಸಂಜೆಯೇ ಚೀಲ ತಂದ. ಮೂರೂ ತೋಟಗಳಲ್ಲಿ ಬಿದ್ದ ಮೊಗ್ಗನ್ನೂ ಬಿಡದೆ ಆಯ್ದರು.

ಅಕ್ಕೋರು ನನಗೂ ಒಂದು ಗೌರವ ಕೊಟ್ಟರು. "ನೊಣದ ಮಾತು ನಾನು ಹೇಳ್ತೀನಿ. ಮಣ್ಣಿನ ಮಾತು ನಿಮ್ದು. ಮಲಗಿದ್ದೋರನ್ನ ಹೆಂಗೆ ಏಳಿಸ್ತೀರಿ ನೀವೇ ಹೇಳ್ರಿ" ಎಂದರು. ನಾನು ಹೇಳಿದೆ, ಹೇಳಿದ್ದನ್ನು ಮಾಡಿದೆ. ಬುಡದ ಮಣ್ಣನ್ನು ಗೇಣುದ್ದ ಕೆದಕಿ ಬಿಸಿಲಿಗೆ ಹರವಿದೆ, ಬೇವಿನ ಹಿಂಡಿ ಬೆರೆಸಿದೆ, ಗಿಡ ಕತ್ತರಿಸಿದ ಮೇಲೆ ನೀರು ನಿಲ್ಲಿಸಿ ನೆಲ ಒಣಗಿಸಿದೆ, ಮತ್ತೆ ಕೆದಕಿದೆ. ಅರ್ಧ ಎಕರೆಯ ಒಂದೊಂದು ಬುಡವನ್ನೂ ಕೂಲಿಯವರಿಗೆ ಬಿಡದೆ ನಾನೇ ಕೆದಕಿದೆ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದು ಮತ್ತೆ ಎದ್ದವು.

ಮೊದಲ ಎರಡು ತಿಂಗಳು ಕೆಂಪು ಇಳಿಯಲಿಲ್ಲ. ಅಣ್ಣ ದಿನಾ ಬಂದು ಒಂದು ಕೆಂಪು ಮೊಗ್ಗು ಹರಿದು ನನ್ನ ಜೇಬಿಗೆ ಹಾಕಿ ಹೋಗುವನು. ನಾನು ಸೋತ ಮುಖ ಮಾಡಿಕೊಂಡು ಅಕ್ಕೋರ ಮುಂದೆ ನಿಂತರೆ, "ಮೊದ್ಲೇ ಮಲಗಿದ್ದೋರು ಏಳಾಕತ್ತಾರೆ, ಏಳ್ಲಿ. ಹೊಸಬರಿಗೆ ಹಾಸಿಗಿ ಕೊಡಬ್ಯಾಡ್ರಿ, ಅಷ್ಟೇ" ಎನ್ನುವರು. ಮಳೆಗಾಲ ಮುಗಿಯಿತು. ಚಳಿ ಬಂತು. ಕತ್ತರಿಸಿದ ಗಿಡ ಬೋಳಾಗಿ ನಿಂತು ಮತ್ತೆ ಚಿಗುರಿತು.

ಯುಗಾದಿಯ ಮುಂದಿನ ವಾರದಲ್ಲಿ ಮೊಗ್ಗು ಕಟ್ಟಿ ತುಂಬಿ ನಿಂತವು. ಅಣ್ಣ ಹೇಳಿದ ಮಾತಿನಂತೆ ನಸುಕಿನಲ್ಲೇ ಟ್ರಾಕ್ಟರ್ ತಂದು ಬದುವಿನ ಆಚೆ ನಿಲ್ಲಿಸಿದ್ದ. ಅಕ್ಕೋರು ಅವನಿಗೆ ಅಂದರು: "ಕಣ್ಣಳತಿ ಮಾತು ಬ್ಯಾಡ್ರಿ. ಗಿಡ ನೀವೇ ಆರಿಸ್ರಿ. ದೊಡ್ಡವ್ವಾರು ಒಂದೊಂದು ಕಡೆ ನೂರು ಮೊಗ್ಗು ಹರೀತಾರೆ. ನಿಮ್ಮ ತಮ್ಮ ಬರೀತಾರೆ."

ಅಣ್ಣ ಬುದ್ಧಿವಂತ. ಹೋದ ವರ್ಷ ಎಲ್ಲಕ್ಕಿಂತ ಹೆಚ್ಚು ಕೆಂಪಾಗಿದ್ದ ಮೂಲೆಯನ್ನೇ ಆರಿಸಿದ. ದೊಡ್ಡವ್ವ ಹರಿದು ಹರಿದು ಬುಟ್ಟಿಯ ಮುಚ್ಚಳದ ಮೇಲೆ ಹರವಿದಳು. ಬ್ಯಾಟರಿ ಹಿಡಿದು ಅಣ್ಣ ತಾನೇ ಎಣಿಸಿದ. ನೂರರಲ್ಲಿ ಎರಡು ಕೆಂಪು. ಹಿಂದಿನ ಬೇಸಿಗೆಯಲ್ಲಿ ಅದೇ ಮೂಲೆಯಲ್ಲಿ ಅಕ್ಕೋರು ಎಣಿಸಿ ಬರೆಸಿದ್ದ ನನ್ನ ಪುಟದ ಲೆಕ್ಕ ನೂರಕ್ಕೆ ನಲವತ್ತರ ಮೇಲಿತ್ತು. ಅಣ್ಣ ಬಾವಿಯ ಕಡೆಯ ಸಾಲಿಗೆ ನಡೆದ. ಅಲ್ಲಿ ಒಂದು. ನಡುವಿನ ಸಾಲಿಗೆ ಬಂದ. ಅಣ್ಣ ನೂರೂ ಮೊಗ್ಗನ್ನು ಹೊರಳಿಸಿ ಹೊರಳಿಸಿ ನೋಡಿದ. ನಂಬಿಕೆ ಬಾರದೆ ಹತ್ತಾರು ಮೊಗ್ಗನ್ನು ಉಗುರಿನಿಂದ ಸೀಳಿದ.

"ಇದರಾಗ ಏನೂ ಇಲ್ಲಲ್ಲಲೇ."

"ಏನೂ ಇಲ್ಲ" ಎಂದೆ. ನೋಡಿಯೇ ಹೇಳಿದೆ, ನೋಡಿಯೇ ಬರೆದೆ.

ಅಣ್ಣ ಎದ್ದು ನಿಂತ. ಮಬ್ಬು ಬೆಳಕಿನಲ್ಲಿ ಅರ್ಧ ಎಕರೆ ಉದ್ದಕ್ಕೂ ಬೆಳ್ಳಗೆ ಮೊಗ್ಗು. ಟ್ರಾಕ್ಟರಿನವನು ಬದುವಿನಾಚೆಯಿಂದ ಕೂಗಿದ: "ಯಾವ ಕಡಿಂದ ಹಚ್ಚಲ್ರೀ?"

"ಏ ಏನು ಹಚ್ತೀಯಪ್ಪಾ, ಹೋಗು! ತಿಪ್ಪಿಗೊಬ್ಬರ ಹೇರ್ಕೊಂಬಾ. ಈ ಗಿಡ ಇನ್ನ ಹತ್ತು ವರ್ಸ ಇರಬೇಕು!"

ಹಿಗ್ಗಲು ದೊಡ್ಡವ್ವ ಪುರಸೊತ್ತು ಕೊಟ್ಟರೆ ತಾನೇ? "ನಿಂತು ನೋಡ್ತೀರೇನ್ರೋ? ಮೂಡಲ ಕೆಂಪಾತು! ಇಷ್ಟು ಹೂವಿಗೆ ಎಂಟು ಮಂದಿ ಯಾತಕ್ಕ ಸಾಕು? ದೊಡ್ಡಾವನ, ಧೋತರ ಕಟ್ಟು! ಏ ಟ್ರಾಕ್ಟರ್, ನೀನೂ ಇಳಿ!" ಮೆಕ್ಕೆಜೋಳದ ಅಣ್ಣ ಧೋತರ ಎತ್ತಿ ಕಟ್ಟಿ ಸಾಲಿಗೆ ನುಗ್ಗಿದ. ಟ್ರಾಕ್ಟರಿನವನು ನುಗ್ಗಿದ. ನನ್ನ ಹೆಂಡತಿ ಒಲೆ ಆರಿಸಿ ಓಡಿ ಬಂದಳು. ಅಕ್ಕೋರು ಅಷ್ಟು ವರ್ಷದಲ್ಲಿ ಒಂದು ಮೊಗ್ಗನ್ನೂ ಹರಿದವರಲ್ಲ; ಅವರೂ ಸೆರಗು ಸಿಕ್ಕಿಸಿ ಬಂದು ಒಂದು ಮೊಗ್ಗು ಹರಿದರು. ಅದನ್ನು ಕಣ್ಣಿನ ಹತ್ತಿರ ಹಿಡಿದು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು.

"ನೋಡೂದು ಸಾಕ್ರವ್ವಾ!" ದೊಡ್ಡವ್ವ ಸಾಲಿನ ಆ ಕಡೆಯಿಂದ ಒದರಿದಳು. "ಎಲ್ಲಾ ಬಿಳೇವ ಅದಾವು, ಹರೀರಿ! ಹೊತ್ತು ಮೂಡತೈತಿ, ಹರೀರಿ!"